ಗಂಟಲು ಮುಟ್ಟಿದರೆ ನೀರು

ನಾನು ಬರೆದ ನಾಟಕದ ಮೊದಲ ದೃಶ್ಯ ಹೀಗಿತ್ತು: ರಂಗದ ನಡುವೆ ಒಂದು ಮೇಜು, ಎದುರುಬದುರು ಎರಡು ಕುರ್ಚಿ. ಮೇಜಿನ ಮೇಲೆ ಆಪರೇಷನ್ನಿನ ಒಪ್ಪಿಗೆ ಪತ್ರ, ಅದರ ಮೇಲೊಂದು ಪೆನ್ನು. ಒಂದು ಕುರ್ಚಿಯಲ್ಲಿ ತಾಯಿ, ಇನ್ನೊಂದರಲ್ಲಿ ತಂದೆ. ಎಡಗಡೆಯ ಮೂಲೆಯಲ್ಲಿ, ಮಂದ ಬೆಳಕಿನಲ್ಲಿ, ಒಂದು ಮಗು. ಮಗುವಿಗೆ ಮಾತಿಲ್ಲ, ಎದ್ದು ಓಡಾಡುವುದಿಲ್ಲ, ಹಾಗಾಗಿ ಬೊಂಬೆಯೇ ಸಾಕು ಎಂದು ರಂಗಸೂಚನೆಯಲ್ಲಿ ಬರೆದಿದ್ದೆ.

ಎರಡು ಗಂಟೆಯ ಆ ನಾಟಕದಲ್ಲಿ ಎಲ್ಲರೂ ಆ ಪೆನ್ನಿನ ಸುತ್ತಲೇ ಸುತ್ತುತ್ತಾರೆ. ಹುಟ್ಟಿನಿಂದ ಕಿವಿ ಕೇಳದ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಸದ್ದನ್ನು ವಿದ್ಯುತ್ತಿನ ಮಿಡಿತವಾಗಿಸಿ ಕಿವಿಯ ನರಕ್ಕೆ ಮುಟ್ಟಿಸುವ ಸಾಧನ, ಹಾಕಿಸಬೇಕೋ ಬೇಡವೋ ಅನ್ನುವುದು ಪ್ರಶ್ನೆ. ತಾಯಿಗೆ ಬೇಕು. ತಂದೆಗೆ ಭಯ. ತಂದೆಯ ಅಣ್ಣ ಸ್ವತಃ ಕಿವುಡ, ಅವನು ಬೇಡವೇ ಬೇಡ ಅನ್ನುತ್ತಾನೆ. ಕೊನೆಗೆ ತಾಯಿ ಸಹಿ ಹಾಕುತ್ತಾಳೆ, ದೀಪಗಳು ಆರುತ್ತವೆ, ಕತ್ತಲಲ್ಲಿ ಮಗುವಿನ ದನಿ ಕೇಳುತ್ತದೆ: "ಅಮ್ಮ." ಬರೆದು ಮುಗಿಸಿದ ರಾತ್ರಿ ನಾನೇ ಅತ್ತಿದ್ದೆ.

ಆ ತಾಯಿ ನಾನೇ. ಸಹಿ ಹಾಕಿದ್ದು ನಿಜ. ಉಳಿದದ್ದರಲ್ಲಿ ಬಹುಪಾಲು ನಿಜವಲ್ಲ ಅನ್ನುವುದು ತಿಳಿಯಬೇಕಾದರೆ ನಾನು ತಾಲೀಮಿನ ಕೋಣೆಯಲ್ಲಿ ಕೂರಬೇಕಾಯಿತು. ನನ್ನ ಮಗನಿಗೆ ಈಗ 14 ವರ್ಷ. ಈ ಬರಹವನ್ನು ಅವನು ಓದಿ ಒಪ್ಪಿದ ಮೇಲೆಯೇ ಹಾಕುತ್ತಿದ್ದೇನೆ. ಒಂದು ಪ್ರಸಂಗ ಬೇಡ ಅಂದ, ತೆಗೆದಿದ್ದೇನೆ.

ಅವನಿಗೆ 9 ತಿಂಗಳಾಗಿದ್ದಾಗ ಒಂದು ದಿನ ಅವನ ಬೆನ್ನ ಹಿಂದೆ ನನ್ನ ಕೈಜಾರಿ ತಟ್ಟೆಯೊಂದು ನೆಲಕ್ಕೆ ಬಿತ್ತು. ಪಕ್ಕದ ಕೋಣೆಯಲ್ಲಿದ್ದ ಇವರು ಏನಾಯಿತೋ ಎಂದು ಓಡಿ ಬಂದರು. ಮಗು ತಿರುಗಲಿಲ್ಲ. ತಟ್ಟೆ ಗಿರಗಿರನೆ ಸುತ್ತಿ ಸುತ್ತಿ ನಿಲ್ಲುವ ತನಕ ನಾವಿಬ್ಬರೂ ಅವನ ಪುಟ್ಟ ಕತ್ತಿನ ಹಿಂಭಾಗವನ್ನೇ ನೋಡುತ್ತ ನಿಂತಿದ್ದೆವು. ಆಮೇಲೆ ಚಪ್ಪಾಳೆ ತಟ್ಟಿದೆವು, ಹೆಸರು ಹಿಡಿದು ಕೂಗಿದೆವು, ಬಾಗಿಲು ಬಡಿದೆವು. ಬಾಗಿಲು ಬಡಿದಾಗ ತಿರುಗಿದ. ಹೋದ ಜೀವ ಬಂದಂತಾಯಿತು. ಅದು ಸದ್ದಲ್ಲ, ನೆಲದ ಅದುರು ಅಂತ ಎರಡು ವಾರದ ನಂತರ ಕಿವಿ ಎಷ್ಟು ಕೇಳುತ್ತದೆಂದು ಪರೀಕ್ಷಿಸುವ ಆಡಿಯಾಲಜಿಸ್ಟ್ ಮೆಲ್ಲಗೆ ವಿವರಿಸಿದರು.

ಸದ್ದು ಮೆದುಳಿನತ್ತ ಹೋಗುತ್ತಿದೆಯೇ ಎಂದು ನೋಡುವ ಬೆರಾ ಟೆಸ್ಟ್ ಮಾಡುವಾಗ ಮಗು ಮಲಗಿರಬೇಕು. ಹಣೆಗೂ ಕಿವಿಯ ಹಿಂದಕ್ಕೂ ತಂತಿ ಅಂಟಿಸಿ, ಕಿವಿಯೊಳಗೆ ಟಿಕ್ ಟಿಕ್ ಸದ್ದು ಬಿಡುತ್ತಾರೆ. ಸದ್ದು ನರದ ದಾರಿ ಹಿಡಿದು ಮೆದುಳಿನತ್ತ ಹೊರಟರೆ ಪರದೆಯ ಮೇಲೆ ಅಲೆಗಳು ಏಳುತ್ತವೆ. ಸದ್ದನ್ನು ಹೆಚ್ಚಿಸುತ್ತ ಹೋದರು. ಅಲೆ ಏಳಲಿಲ್ಲ. ಅವನು ನನ್ನ ತೊಡೆಯ ಮೇಲೆ, ಬಾಯಿ ಸ್ವಲ್ಪ ತೆರೆದುಕೊಂಡು, ಹಾಯಾಗಿ ನಿದ್ದೆ ಮಾಡುತ್ತಿದ್ದ. ಕೆಲವು ತಿಂಗಳು ಹಿಯರಿಂಗ್ ಏಡ್ ಹಾಕಿ ನೋಡಿದೆವು. ಫಲ ಸಿಗಲಿಲ್ಲ. ಹಿಯರಿಂಗ್ ಏಡ್ ಮಾಡುವುದು ಸದ್ದನ್ನು ದೊಡ್ಡದು ಮಾಡುವ ಕೆಲಸ. ಒಳಗೆ ಅದನ್ನು ಹಿಡಿಯುವ ಕೋಶಗಳೇ ಇಲ್ಲದಿದ್ದರೆ ಎಷ್ಟು ದೊಡ್ಡದು ಮಾಡಿದರೇನು?

ಇನ್ನು ನಾಟಕದ ಆ ದೊಡ್ಡಪ್ಪ. ನಾಟಕ ಅಂದಮೇಲೆ ಎದುರಾಳಿಯೊಬ್ಬ ಬೇಕು, ಅದಕ್ಕೇ ಅವನನ್ನು ತಂದೆ. ನಮ್ಮ ಮನೆಯಲ್ಲಿ ಅಂಥವರು ಯಾರೂ ಇರಲಿಲ್ಲ. ಕಿವುಡಾಗಿ ಹುಟ್ಟುವ ಮಕ್ಕಳಲ್ಲಿ 10ಕ್ಕೆ 9ಕ್ಕಿಂತ ಹೆಚ್ಚು ಮಕ್ಕಳ ಅಪ್ಪ ಅಮ್ಮ ಕಿವಿ ಕೇಳುವವರೇ. ಮಗುವಿಗೆ ಮನೆಯಲ್ಲಿ ತನ್ನಂಥವರು ಯಾರೂ ಕಾಣುವುದಿಲ್ಲ. ಅಪ್ಪ ಅಮ್ಮನಿಗೆ ಕಿವುಡುತನ ಅಂದರೆ ಅಲ್ಲಿಯವರೆಗೆ ಅಜ್ಜ ಅಜ್ಜಿಯರ ಮುಪ್ಪಿನ ತೊಂದರೆ, ಅಷ್ಟೆ. ನಾವು ಸರ್ಜನ್ನರನ್ನು ಕಂಡೆವು, ಆಡಿಯಾಲಜಿಸ್ಟರನ್ನು ಕಂಡೆವು, ಮಾತು ಕಲಿಸುವ ಥೆರಪಿಸ್ಟರನ್ನು ಕಂಡೆವು, ಆಗಲೇ ಇಂಪ್ಲಾಂಟ್ ಹಾಕಿಸಿದ್ದ ಎರಡು ಮನೆಯವರ ಜೊತೆ ಮಾತಾಡಿದೆವು. ಕಿವಿ ಕೇಳದೆ ಬೆಳೆದು ದೊಡ್ಡವರಾದ ಒಬ್ಬರನ್ನೂ ಭೇಟಿ ಮಾಡಲಿಲ್ಲ. ಮಾಡಿ ಅಂತ ಯಾರೂ ಹೇಳಲಿಲ್ಲ, ನಮಗೂ ಹೊಳೆಯಲಿಲ್ಲ. ರಂಗದ ಮೇಲೆ ಎರಡು ಗಂಟೆ ತೆಗೆದುಕೊಳ್ಳುವ ತೀರ್ಮಾನವನ್ನು ನಾವು ಒಂದು ಸಂಜೆಯಲ್ಲಿ ಮುಗಿಸಿದ್ದೆವು. ಬೇಡ ಅನ್ನುವವರೇ ಇಲ್ಲದ ಮೇಲೆ ಚರ್ಚೆ ಯಾರ ಜೊತೆ?

ಇವರಿಗೆ ಇದ್ದದ್ದು ಆಪರೇಷನ್ನಿನ ಭಯ. ಕಿವಿಯ ಹಿಂದೆ ಕೊಯ್ದು, ಮೂಳೆಯನ್ನು ಕೊರೆದು, ಮುಖದ ನರದ ಪಕ್ಕದಲ್ಲೇ ಹಾದು ಒಳಗಿವಿಗೆ ದಾರಿ ಮಾಡಬೇಕು. ಅಳಿದುಳಿದ ಅಲ್ಪಸ್ವಲ್ಪ ಕೇಳುವ ಶಕ್ತಿಯಿದ್ದರೆ ಅದೂ ಹೋಗಬಹುದು. ಇಂಪ್ಲಾಂಟ್ ಇರುವವರಿಗೆ ಮೆದುಳಿನ ಪೊರೆಯ ಸೋಂಕು ತಗಲುವ ಸಾಧ್ಯತೆ ಉಳಿದವರಿಗಿಂತ ಕೊಂಚ ಜಾಸ್ತಿ, ಅದಕ್ಕೆ ಮುಂಚೆಯೇ ಲಸಿಕೆ ಹಾಕಿಸಬೇಕು. ಇವರು ಪ್ರತಿಯೊಂದನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ರಾತ್ರಿ ಮಗು ಮಲಗಿದ ಮೇಲೆ ಅದನ್ನೇ ಓದುತ್ತ ಕೂರುತ್ತಿದ್ದರು.

ನನಗೆ ಧೈರ್ಯ ಬಂದದ್ದು ಒಂದು ಚಿಪ್ಪಿನಿಂದ. ನಮ್ಮ ಒಳಗಿವಿಯಲ್ಲಿರುವ ಕಾಕ್ಲಿಯಾ ಬಸವನಹುಳುವಿನ ಚಿಪ್ಪಿನ ಹಾಗೆ ಎರಡೂವರೆ ಸುತ್ತು ಸುತ್ತಿಕೊಂಡಿದೆ. ಬುಡದಲ್ಲಿ ಕೀರಲು ಸ್ವರಗಳು, ತುದಿಯಲ್ಲಿ ತಗ್ಗಿನ ಸ್ವರಗಳು, ಸುರುಳಿಯ ಉದ್ದಕ್ಕೂ ಒಂದೊಂದು ಸ್ವರಕ್ಕೆ ಒಂದೊಂದು ಜಾಗ. ಆ ಜಾಗಗಳಿಗೆ ವಿದ್ಯುತ್ತಿನ ಮಿಡಿತವನ್ನು ನೇರವಾಗಿ ಮುಟ್ಟಿಸಿದರೆ ನರ ಅದನ್ನು ಸದ್ದೆಂದೇ ತಿಳಿಯುತ್ತದೆ. ಆದರೆ ಅಷ್ಟು ಸಣ್ಣ ಸುರುಳಿಯೊಳಗೆ ಆ ಮಿಡಿತ ಮುಟ್ಟಿಸುವ ಎಲೆಕ್ಟ್ರೋಡುಗಳ ಎಳೆಯನ್ನು ಗಾಯ ಮಾಡದೆ ತೂರಿಸುವುದು ಹೇಗೆ? ಆಸ್ಟ್ರೇಲಿಯಾದ ಡಾಕ್ಟರ್ ಗ್ರೇಮ್ ಕ್ಲಾರ್ಕ್ ಈ ಪ್ರಶ್ನೆ ತಲೆಯಲ್ಲಿಟ್ಟುಕೊಂಡೇ 1977ರಲ್ಲಿ ಕಡಲತೀರದಲ್ಲಿ ರಜೆ ಕಳೆಯುತ್ತಿದ್ದರು. ಕೈಗೆ ಸಿಕ್ಕ ಸುರುಳಿ ಚಿಪ್ಪಿನೊಳಗೆ ಹುಲ್ಲಿನ ಎಸಳೊಂದನ್ನು ತೂರಿಸಿ ನೋಡಿದರು. ತುದಿ ಮೆತ್ತಗಿದ್ದು ಬುಡದ ಕಡೆಗೆ ಬಿರುಸಾಗುತ್ತ ಹೋಗುವ ಎಸಳು ಸುರುಳಿಯೊಳಗೆ ಸಲೀಸಾಗಿ ಇಳಿಯಿತು. ಮರುವರ್ಷ, 1978ರ ಆಗಸ್ಟ್ 1ರಂದು, ಮೆಲ್ಬರ್ನಿನಲ್ಲಿ ಅವರು ಹಲವು ಚಾನೆಲ್ಲುಗಳ ತಮ್ಮ ಇಂಪ್ಲಾಂಟನ್ನು ಮೊದಲ ಸಲ ಒಬ್ಬ ಮನುಷ್ಯನಿಗೆ ಅಳವಡಿಸಿದರು. ಕ್ಲಾರ್ಕ್ ಅವರ ತಂದೆ ಔಷಧದ ಅಂಗಡಿ ಇಟ್ಟಿದ್ದವರು, ಅವರಿಗೂ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲವಂತೆ. ಇದನ್ನು ಓದಿದ ರಾತ್ರಿ ಇವರ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನಾನೊಂದು ಹುಲ್ಲಿನ ಎಸಳಿನ ಚಿತ್ರ ಬರೆದಿಟ್ಟೆ.

ಅವಸರಕ್ಕೂ ಕಾರಣವಿತ್ತು. ಮೆದುಳಿನಲ್ಲಿ ಸದ್ದಿಗೆಂದು ಇರುವ ಭಾಗ ಸದ್ದು ಬಾರದಿದ್ದರೆ ಸುಮ್ಮನೆ ಕಾದು ಕೂರುವುದಿಲ್ಲ, ಬೇರೆ ಕೆಲಸಕ್ಕೆ ತೊಡಗಿಕೊಳ್ಳುತ್ತದೆ. ಮೂರೂವರೆ ವರ್ಷದೊಳಗೆ ಇಂಪ್ಲಾಂಟ್ ಆದ ಮಕ್ಕಳ ಮೆದುಳು ಸದ್ದಿಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ, 7 ವರ್ಷ ದಾಟಿದ ಮೇಲೆ ಅದು ಬಹಳ ಕಷ್ಟ ಅನ್ನುವುದು ಅಧ್ಯಯನಗಳಲ್ಲಿ ಕಂಡ ಮಾತು. ಹುಟ್ಟಿನಿಂದ ಕೇಳದ ಮಗುವಿನ ಅಪ್ಪ ಅಮ್ಮನಿಗೆ, "ಅವನು ದೊಡ್ಡವನಾಗಲಿ, ಅವನನ್ನೇ ಕೇಳೋಣ" ಅನ್ನುವ ದಾರಿ ಇಲ್ಲ. ಅವನು ಉತ್ತರ ಹೇಳುವ ವಯಸ್ಸಿಗೆ ಬರುವ ಹೊತ್ತಿಗೆ ಪ್ರಶ್ನೆಯೇ ಮುಗಿದಿರುತ್ತದೆ. ಈ ತೀರ್ಮಾನದಲ್ಲಿ ನನಗೆ ಇವತ್ತಿಗೂ ಭಾರವಾಗಿ ಉಳಿದಿರುವುದು ಇದೊಂದೇ. ಅವನ ತಲೆಬುರುಡೆಯ ಬಗ್ಗೆ ಅವನನ್ನು ಕೇಳದೆ ನಾವು ತೀರ್ಮಾನಿಸಿದೆವು, ಹಾಗೆ ಮಾಡದಿದ್ದರೂ ಅವನನ್ನು ಕೇಳದೆಯೇ ತೀರ್ಮಾನಿಸಿದ ಹಾಗೆ ಆಗುತ್ತಿತ್ತು.

ಒಂದೂವರೆ ವರ್ಷಕ್ಕೆ ಆಪರೇಷನ್ ಆಯಿತು. ಗಾಯ ಮಾಯಲು ಮೂರು ವಾರ ಬಿಟ್ಟು ಸ್ವಿಚ್ ಆನ್, ಅಂದರೆ ಇಂಪ್ಲಾಂಟನ್ನು ಮೊದಲ ಸಲ ಚಾಲೂ ಮಾಡುವುದು. ಮಗು ಮೊದಲ ಸಲ ಸದ್ದು ಕೇಳಿ ಕಣ್ಣರಳಿಸಿ ನಗುವ ವಿಡಿಯೋಗಳನ್ನು ನೋಡಿ ನೋಡಿ ನಾವೂ ಕ್ಯಾಮೆರಾ ಹಿಡಿದುಕೊಂಡು ಹೋಗಿದ್ದೆವು. ಕಿವಿಯ ಮೇಲೆ, ಹೊರಗಿನ ಸದ್ದನ್ನು ಹಿಡಿಯುವ ಪ್ರೊಸೆಸರ್ ಕೂರಿಸಿದರು. ತಲೆಯ ಮೇಲಿಟ್ಟ ದುಂಡನೆಯ ಕಾಯ್ಲ್ ಚರ್ಮದೊಳಗಿನ ಅಯಸ್ಕಾಂತಕ್ಕೆ ಟಪ್ ಅಂತ ಅಂಟಿಕೊಂಡಿತು. ಆಡಿಯಾಲಜಿಸ್ಟ್ ಕಂಪ್ಯೂಟರಿನಲ್ಲಿ ಒಂದೊಂದೇ ಎಲೆಕ್ಟ್ರೋಡಿಗೆ ಮಿಡಿತ ಕಳಿಸುತ್ತ ಬಂದರು. ಐದನೆಯದಕ್ಕೋ ಆರನೆಯದಕ್ಕೋ ಅವನ ಕೈಲಿದ್ದ ಆಟಿಕೆ ಕೆಳಗೆ ಬಿತ್ತು, ತುಟಿ ನಡುಗಿತು, ಕಿರುಚಿ ಅತ್ತು ಕಾಯ್ಲನ್ನು ಕಿತ್ತೆಸೆದ. ಇವರು ಕ್ಯಾಮೆರಾ ಕೆಳಗಿಟ್ಟರು.

ಕಿವಿಯಲ್ಲಿ ಸದ್ದು ಹಿಡಿಯುವ ಸುಮಾರು 15,000 ಕೂದಲ ಕೋಶಗಳು ಮಾಡಬೇಕಾದ ಕೆಲಸವನ್ನು 12ರಿಂದ 22 ಎಲೆಕ್ಟ್ರೋಡುಗಳು ಮಾಡುತ್ತವೆ. ಬೇರೆ ಬೇರೆ ಕಂಪನಿಯದು ಬೇರೆ ಬೇರೆ ಲೆಕ್ಕ. ಅಷ್ಟು ಕಡಿಮೆ ಎಳೆಗಳಲ್ಲಿ ಮಾತು ನೇಯಲು ಸಾಧ್ಯವಾಗುವುದೇ ಒಂದು ಬೆರಗು. ಆದರೆ ಅದಕ್ಕೆ ಅರ್ಥ ಕೊಡುವ ಕೆಲಸ ಮೆದುಳಿನದು, ಅದಕ್ಕೆ ವರ್ಷಗಟ್ಟಲೆ ಬೇಕು. ತಿಂಗಳು ತಿಂಗಳಿಗೂ ಮ್ಯಾಪಿಂಗ್: ಯಾವ ಎಲೆಕ್ಟ್ರೋಡಿಗೆ ಎಷ್ಟು ಕನಿಷ್ಠ, ಎಷ್ಟು ಗರಿಷ್ಠ ಅಂತ ಹೊಂದಿಸುವುದು. ದಿನಾ ಬೆಳಿಗ್ಗೆ ನಾನು ಬಾಯಿಗೆ ಕಾಗದ ಅಡ್ಡ ಹಿಡಿದು ಆ, ಊ, ಈ, ಮ್, ಶ್, ಸ್ ಅನ್ನುವುದು, ಕೇಳಿಸಿದರೆ ಅವನು ಒಂದೊಂದು ಮರದ ತುಂಡನ್ನು ಡಬ್ಬಿಗೆ ಹಾಕುವುದು. 'ಸ್'ಗೆ ಅವನ ಕೈ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಆ ಒಂದು ತುಂಡು ಡಬ್ಬಿಗೆ ಬೀಳಲು 7 ತಿಂಗಳು ಬೇಕಾಯಿತು.

ನಮ್ಮ ಭಾಷೆ ಅವನಿಗೆ ಒಡ್ಡಿದ ಕಷ್ಟಗಳನ್ನು ನೋಡುತ್ತ ನಾನು ಕನ್ನಡವನ್ನೇ ಹೊಸದಾಗಿ ಕಲಿತೆ. ಮರ, ಬರ, ಪರ. ತುಟಿಯ ಮೇಲೆ ಮೂರೂ ಒಂದೇ. ಇನ್ನು ನಾವು ವಿಭಕ್ತಿಗಳನ್ನೆಲ್ಲ ಪದದ ಬಾಲಕ್ಕೆ ಅಂಟಿಸುತ್ತೇವೆ, ದನಿ ಇಳಿದಿರುವುದೂ ಅಲ್ಲೇ. 'ಮನೆ' ಅವನಿಗೆ ಕೇಳುತ್ತಿತ್ತು, 'ಮನೆಗೆ', 'ಮನೆಯಲ್ಲಿ', 'ಮನೆಯಿಂದ' ಕೇಳುತ್ತಿರಲಿಲ್ಲ. ನಾಲ್ಕನೇ ವರ್ಷದಲ್ಲೂ "ನಾನು ಮನೆ ಹೋಗು" ಅನ್ನುತ್ತಿದ್ದ. ಬಾಲ ಎತ್ತಿ ಎತ್ತಿ ಹೇಳಿ ನನ್ನ ಮಾತಿನ ಧಾಟಿಯೇ ಬದಲಾಗಿಹೋಗಿದೆ. ಈಗಲೂ ಫೋನಿನಲ್ಲಿ ಮಾತಾಡುವಾಗ ಕೆಲವರು, ನೀವು ಟೀಚರಾ ಅಂತ ಕೇಳುತ್ತಾರೆ.

ಇನ್ನು ಕೈಗಳ ವಿಷಯ. ಬರೆಯಲು ನನಗೆ ಬಹಳ ಕಷ್ಟವಾಗುವ ಭಾಗ ಇದು.

ಆಪರೇಷನ್ನಿಗೆ ಮುಂಚೆಯೇ ಅವನು ತಾನಾಗಿ ಕೆಲವು ಸನ್ನೆಗಳನ್ನು ಕಟ್ಟಿಕೊಂಡಿದ್ದ. ಗಂಟಲು ಮುಟ್ಟಿಕೊಂಡರೆ ನೀರು. ಎರಡೂ ಅಂಗೈ ಕೆನ್ನೆಗೆ ಒತ್ತಿದರೆ ಅಪ್ಪ, ಇವರು ಗಡ್ಡ ಬಿಟ್ಟಿದ್ದರು. ಬೆರಳನ್ನು ಮೇಲಿಂದ ಕೆಳಗೆ ಸುತ್ತುತ್ತ ತಂದರೆ ಫ್ಯಾನು. ಒಟ್ಟು 11 ಸನ್ನೆಗಳು, ನನಗೆ ಇವತ್ತಿಗೂ ನೆನಪಿವೆ. ನಮ್ಮ ಥೆರಪಿಸ್ಟ್ ಒಳ್ಳೆಯ ಮನಸ್ಸಿನವರೇ. ಆದರೆ ಮೊದಲ ದಿನವೇ ಖಡಾಖಂಡಿತವಾಗಿ ಹೇಳಿದರು, "ಕೈಯಲ್ಲಿ ಕೇಳಿದ್ದು ಕೊಟ್ಟರೆ ಬಾಯಲ್ಲಿ ಯಾಕೆ ಕೇಳ್ತಾನೆ? ಸನ್ನೆ ನಿಲ್ಲಿಸಿ." ನಾವು ನಿಲ್ಲಿಸಿದೆವು. ಅವನು ಗಂಟಲು ಮುಟ್ಟಿಕೊಂಡಾಗ ನಾನು ಅರ್ಥವಾಗದವಳ ಹಾಗೆ ನೋಡುತ್ತಿದ್ದೆ. ಲೋಟ ನನ್ನ ಕೈಯಲ್ಲೇ ಇರುತ್ತಿತ್ತು. "ನೀರು ಅನ್ನು. ನೀ... ರು." ಅವನು ಮತ್ತೆ ಗಂಟಲು ಮುಟ್ಟುತ್ತಿದ್ದ, ಈ ಸಲ ಇನ್ನೂ ನಿಧಾನವಾಗಿ, ನನಗೆ ಚೆನ್ನಾಗಿ ಕಾಣಲಿ ಅಂತ. ನಾನು ಅವನ ಎರಡೂ ಕೈಗಳನ್ನು ನನ್ನ ಎಡಗೈಯಲ್ಲಿ ಹಿಡಿದು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದೆ. ಎರಡು ವರ್ಷದ ಮಗುವಿನ ಎರಡು ಕೈಗಳು ದೊಡ್ಡವರ ಒಂದು ಮುಷ್ಟಿಯಲ್ಲಿ ಹಿಡಿಸುತ್ತವೆ.

'ನೀರು' ಬಂತು, ನಿಜ. ಆದರೆ ಅದು ಬಂದದ್ದು ಅವನಿಗೆ ಎರಡೂ ಮುಕ್ಕಾಲು ವರ್ಷವಾದ ಮೇಲೆ. ಅಲ್ಲಿಯವರೆಗೆ ಬಾಯಿಂದ ಬರುವ ಭಾಷೆ ಇನ್ನೂ ಬಂದಿರಲಿಲ್ಲ, ಕೈಯಿಂದ ಬಂದದ್ದನ್ನು ನಾವು ತೆಗೆದುಕೊಳ್ಳಲಿಲ್ಲ. ಕತ್ತಲಿಗೆ ಹೆದರಿ ಅತ್ತಾಗ ಅದು ಕತ್ತಲು ಅಂತ ಅವನಿಗೆ ಹೇಳಲು ನಮ್ಮಲ್ಲಿ ಏನೂ ಇರಲಿಲ್ಲ. ಅವನ ಅಜ್ಜಿ ತೀರಿಕೊಂಡಾಗ ಆಕೆ ಎಲ್ಲಿ ಹೋದಳು ಅಂತ ಕೇಳಲು ಅವನಲ್ಲೂ ಏನೂ ಇರಲಿಲ್ಲ.

ಬಹಳ ವರ್ಷ ನಾನು ಇದು ನಮ್ಮ ಥೆರಪಿಸ್ಟ್ ಒಬ್ಬರ ಅಭಿಪ್ರಾಯ ಅಂದುಕೊಂಡಿದ್ದೆ. ದೊಡ್ಡಪ್ಪನ ಪಾತ್ರ ಬರೆಯಲು ಓದಲು ಕೂತಾಗ ಗೊತ್ತಾಯಿತು, ಇದರ ಬೇರು 1880ರ ಸೆಪ್ಟೆಂಬರಿನಲ್ಲಿದೆ. ಇಟಲಿಯ ಮಿಲಾನಿನಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಸಮ್ಮೇಳನ ಸೇರಿತ್ತು. ಬಂದಿದ್ದ ನೂರೈವತ್ತಕ್ಕೂ ಹೆಚ್ಚು ಪ್ರತಿನಿಧಿಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರು. ಮಾತೇ ಮೇಲು, ಶಾಲೆಗಳಲ್ಲಿ ಸನ್ನೆ ಸಲ್ಲದು ಎಂದು ಅವರು ನಿರ್ಣಯ ಮಾಡಿದರು. ಅದಾದ ಮೇಲೆ ದೇಶದೇಶಗಳ ಶಾಲೆಗಳಲ್ಲಿ ಕಿವುಡ ಮೇಷ್ಟರುಗಳು ಕೆಲಸ ಕಳೆದುಕೊಂಡರು, ಸನ್ನೆ ಮಾಡಿದ ಮಕ್ಕಳು ಕೈಗೆ ಏಟು ತಿಂದರು. ಸನ್ನೆ ಭಾಷೆಗೂ ತನ್ನದೇ ವ್ಯಾಕರಣವಿದೆ, ಅದು ಪೂರ್ತಿ ಭಾಷೆ ಅಂತ ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಸ್ಟೋಕಿ ತೋರಿಸಿಕೊಟ್ಟದ್ದು 1960ರಲ್ಲಿ. ಆ ಸಮ್ಮೇಳನದ ಪರಂಪರೆಯವರೇ ಕೆನಡಾದ ವ್ಯಾಂಕೂವರಿನಲ್ಲಿ ಸೇರಿ ಮಿಲಾನಿನ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ಹೇಳಿದ್ದು 2010ರಲ್ಲಿ. ನಡುವೆ 130 ವರ್ಷ. ನನ್ನ ಎಡಗೈಯ ಮುಷ್ಟಿಯಲ್ಲಿ ಅಷ್ಟು ಹಳೆಯ ಬಿಗಿ ಇತ್ತು.

ಇದೆಲ್ಲ ಓದಿದ ಮೇಲೆ ದೊಡ್ಡಪ್ಪನ ಮಾತುಗಳು ತಾವಾಗಿಯೇ ಬಂದವು. 1990ರಲ್ಲಿ ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕ ಸರ್ಕಾರದ ಸಂಸ್ಥೆ ಎಫ್‌ಡಿಎ 2 ವರ್ಷ ತುಂಬಿದ ಮಕ್ಕಳಿಗೆ ಇಂಪ್ಲಾಂಟ್ ಹಾಕಲು ಒಪ್ಪಿಗೆ ಕೊಟ್ಟಾಗ ಅಲ್ಲಿನ ಕಿವುಡರ ರಾಷ್ಟ್ರೀಯ ಸಂಘ ಮರುವರ್ಷವೇ ಕಟುವಾಗಿ ವಿರೋಧಿಸಿತು. ನನಗೆ ಮೊದಲು ಸಿಟ್ಟು ಬಂದಿತ್ತು, ಮಕ್ಕಳಿಗೆ ಕಿವಿ ಬರುವುದನ್ನು ಬೇಡ ಅನ್ನುವವರು ಎಂಥವರು ಅಂತ. ಏಟು ತಿಂದ ಕೈಗಳ ಬಗ್ಗೆ ಓದಿದ ಮೇಲೆ ಅದೇ ಮಾತು ಬೇರೆಯಾಗಿ ಕೇಳಿಸಿತು. ನೂರು ವರ್ಷ ತಮ್ಮನ್ನು ಕೇಳದೆ ತಮ್ಮ ಬಗ್ಗೆ ತೀರ್ಮಾನ ಮಾಡಿದವರು ಈಗ ಕತ್ತರಿ ಹಿಡಿದು ಬಂದರೆ ಅವರಾದರೂ ಹೇಗೆ ನಂಬಬೇಕು? ಅದೇ ಸಂಘ 2000ದಲ್ಲಿ ತನ್ನ ನಿಲುವನ್ನು ತಿದ್ದಿಕೊಂಡಿತು. ಇಂಪ್ಲಾಂಟ್ ಕೂಡ ಒಂದು ಸಾಧನ, ಆಯ್ಕೆ ಅಪ್ಪ ಅಮ್ಮಂದಿರದು, ಆದರೆ ಮಗುವಿಗೆ ಚಿಕ್ಕಂದಿನಿಂದಲೇ ಸನ್ನೆ ಭಾಷೆಯೂ ಸಿಗಲಿ ಅನ್ನುವ ಕಡೆಗೆ ಬಂತು. ಮೂವತ್ತು ಪುಟ ಜಗಳ ಬರೆದ ನನ್ನ ನಾಟಕದಲ್ಲಿ ಈ ಎರಡನೆಯ ಮಾತು ಇರಲಿಲ್ಲ. ಜಗಳ ನಿಂತುಹೋದರೆ ನಾಟಕ ನಿಂತುಹೋಗುತ್ತದೆ ಅಂತ ನಾನೇ ಬಿಟ್ಟಿದ್ದೆ.

ದೊಡ್ಡಪ್ಪನ ಪಾತ್ರಕ್ಕೆ ಕಿವುಡ ನಟರೇ ಬೇಕು ಅಂತ ನಿರ್ದೇಶಕರು ಹಟ ಹಿಡಿದರು. ಐವತ್ತರ ಆಸುಪಾಸಿನ ಒಬ್ಬರು ಬಂದರು, ಜೊತೆಗೆ ದುಭಾಷಿ ಹುಡುಗಿ. ಮೊದಲ ಓದಿನಲ್ಲಿ ಅವರು ಪೂರ್ತಿ ನಾಟಕವನ್ನು ದುಭಾಷಿಯ ಕೈಗಳಲ್ಲಿ ನೋಡಿದರು. ಮುಗಿದ ಮೇಲೆ ತಮ್ಮ ಮಾತುಗಳ ಬಗ್ಗೆ ಏನೂ ಹೇಳಲಿಲ್ಲ. ಎದ್ದು ಹೋಗಿ ಮೂಲೆಯ ಬೊಂಬೆಯನ್ನು ಎತ್ತಿಕೊಂಡರು. ಅದರ ಕೈಗಳನ್ನು ಹಿಡಿದು ನೋಡಿದರು, ಹತ್ತಿ ತುಂಬಿದ, ಬೆರಳಿಲ್ಲದ ಕೈಗಳು. ಆಮೇಲೆ ನನ್ನ ಕಡೆ ತಿರುಗಿ ಸನ್ನೆ ಮಾಡಿದರು, ಹುಡುಗಿ ಹೇಳಿದಳು:

"ಮೇಡಂ, ನೀವು ಇಷ್ಟು ಜನ ಎರಡು ಗಂಟೆ ಜಗಳ ಆಡ್ತೀರಿ. ಅಷ್ಟು ಹೊತ್ತೂ ಈ ಮಗು ಯಾವ ಭಾಷೆಯಲ್ಲಿ ಯೋಚನೆ ಮಾಡ್ತಿರುತ್ತೆ?"

ನನಗೆ ಉತ್ತರ ಹೊಳೆಯಲಿಲ್ಲ. ಅವರು ಮುಂದುವರಿಸಿದರು. "ಸಹಿ ಹಾಕಿ, ಹಾಕದೇ ಇರಿ. ಅದು ನಿಮಗೆ ಬಿಟ್ಟದ್ದು. ಆದರೆ ಕಾಯೋದು ನೀವಲ್ಲ, ಇದು." ಬೊಂಬೆಯನ್ನು ತಂದು ಮೇಜಿನ ಮೇಲೆ, ಒಪ್ಪಿಗೆ ಪತ್ರದ ಮೇಲೆಯೇ ಕೂರಿಸಿದರು.

ಆ ರಾತ್ರಿ ಮನೆಗೆ ಬಂದು ನಾನು ಲೆಕ್ಕ ಹಾಕಿದೆ. ತಟ್ಟೆ ಬಿದ್ದ ದಿನದಿಂದ 'ನೀರು' ಬರುವವರೆಗೆ ಸರಿಯಾಗಿ ಎರಡು ವರ್ಷ. ಆ ಎರಡು ವರ್ಷ ನಾವು ಕಿವಿಗಾಗಿ ಕಾದೆವು, ಅವನು ಭಾಷೆಗಾಗಿ ಕಾದ. ಆಪರೇಷನ್ ಮಾಡಿಸಿದ್ದಕ್ಕೆ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ, ನಾಳೆ ಮತ್ತೆ ಅದೇ ಕಾಗದ ಎದುರಿಗೆ ಬಂದರೆ ಮತ್ತೆ ಸಹಿ ಹಾಕುತ್ತೇನೆ. ಆದರೆ ತಟ್ಟೆ ಬಿದ್ದ ಮರುದಿನವೇ ಸನ್ನೆ ಭಾಷೆ ಕಲಿಯಲು ಹೋಗುತ್ತೇನೆ. ಇಂಪ್ಲಾಂಟ್ ಫಲ ಕೊಡಲಿ, ಕೊಡದಿರಲಿ, ತಡವಾಗಿ ಕೊಡಲಿ, ಅಲ್ಲಿಯವರೆಗೆ ಮಗು ಬರಿಗೈಯಲ್ಲಿ ಕೂರಬಾರದು. ಒಬ್ಬೊಬ್ಬ ಮಗುವಿಗೆ ಇಂಪ್ಲಾಂಟ್ ಒಂದೊಂದು ಮಟ್ಟದಲ್ಲಿ ಒಗ್ಗುತ್ತದೆ, ಯಾರಿಗೆ ಎಷ್ಟು ಅನ್ನುವುದನ್ನು ಯಾವ ಸರ್ಜನ್ನೂ ಮೊದಲೇ ಬರೆದುಕೊಡಲಾರರು. ಸನ್ನೆ ಕಲಿತರೆ ಮಾತು ಬರುವುದಿಲ್ಲ ಅನ್ನುವ ಹೆದರಿಕೆಯನ್ನು ನಾನು ಈಗ ನಂಬುವುದಿಲ್ಲ. ಎರಡು ಮೂರು ಭಾಷೆ ಒಟ್ಟಿಗೆ ಕಲಿಯುವ ಮಕ್ಕಳು ಜಗತ್ತಿನ ತುಂಬ ಇದ್ದಾರೆ.

ಮಗನನ್ನು ಒಂದು ಭಾನುವಾರ ತಾಲೀಮಿಗೆ ಕರೆದುಕೊಂಡು ಹೋದೆ. ಅವನಿಗೆ ಮನಸ್ಸಿರಲಿಲ್ಲ. ತಾನು ಕಿವುಡ ಅಲ್ಲ, ತನಗೆ ಕೇಳುತ್ತೆ ಅಂತ ಅವನ ವಾದ. ಕೇಳುವುದೂ ನಿಜವೇ. ಒಬ್ಬರೇ ಎದುರು ಕೂತು ಮಾತಾಡಿದರೆ ಎಲ್ಲ ತಿಳಿಯುತ್ತದೆ, ಫೋನಿನಲ್ಲೂ ಮಾತಾಡುತ್ತಾನೆ, ಕ್ಲಾಸಿನಲ್ಲಿ ಮುಂದಿನ ಬೆಂಚು. ಆದರೆ ನಾಲ್ಕು ಜನ ಒಟ್ಟಿಗೆ ನಕ್ಕರೆ ಯಾಕೆ ನಕ್ಕರು ಅನ್ನುವುದು ಗೊತ್ತಾಗುವುದಿಲ್ಲ. ಆಗ ಅವನೂ ನಗುತ್ತಾನೆ, ಅರ್ಧ ಕ್ಷಣ ತಡವಾಗಿ. ಆ ಅರ್ಧ ಕ್ಷಣ ನನ್ನ ಕಣ್ಣಿಗೆ ಬಿದ್ದಾಗಲೆಲ್ಲ ಕರುಳು ಹಿಂಡಿದಂತಾಗುತ್ತದೆ.

ಬಿಡುವಿನ ಹೊತ್ತಿನಲ್ಲಿ ಆ ನಟರು ದುಭಾಷಿಗೆ ಏನೋ ಕಥೆ ಹೇಳುತ್ತಿದ್ದರು. ಬಾಗಿಲು ತೆರೆಯಲು ಬಾರದ ಒಬ್ಬ ಮನುಷ್ಯ, ಹಿಡಿಕೆ ಕೈಗೇ ಕಿತ್ತು ಬರುತ್ತದೆ, ಅದನ್ನು ಜೇಬಿನಲ್ಲಿಟ್ಟುಕೊಂಡು ಏನೂ ಆಗದವನ ಹಾಗೆ ನಡೆದುಹೋಗುತ್ತಾನೆ. ಕೋಣೆಯ ಆ ತುದಿಯಲ್ಲಿ ಕೂತಿದ್ದ ಮಗ ಜೋರಾಗಿ ನಕ್ಕ. ಎಲ್ಲರಿಗಿಂತ ಮೊದಲು ನಕ್ಕ. ಅವರು ತಿರುಗಿ ಅವನನ್ನು ನೋಡಿದರು, ತಲೆಯ ಮೇಲಿನ ಕಾಯ್ಲನ್ನು ನೋಡಿದರು, ಹುಬ್ಬು ಹಾರಿಸಿ ಕಥೆಯನ್ನು ಅವನ ಕಡೆಗೆ ತಿರುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದರು. ವಾಪಸ್ಸು ಬರುವಾಗ ಮಗ ಏನೂ ಹೇಳಲಿಲ್ಲ. ಮೂರು ವಾರ ಬಿಟ್ಟು, "ಅಮ್ಮಾ, ಆ ಅಂಕಲ್ ಭಾನುವಾರ ಬರ್ತಾರಾ?" ಅಂದ.

ಅವನು ರಾತ್ರಿ ಮಲಗುವ ಮುಂಚೆ ಪ್ರೊಸೆಸರ್ ತೆಗೆದು, ತೇವ ಹೀರುವ ಡಬ್ಬಿಯಲ್ಲಿಟ್ಟು, ಬ್ಯಾಟರಿಯನ್ನು ಚಾರ್ಜಿಗೆ ಹಾಕುತ್ತಾನೆ. ಅಲ್ಲಿಂದ ಬೆಳಗಿನವರೆಗೆ ಅವನಿಗೆ ಯಾವ ಸದ್ದೂ ಇಲ್ಲ. ಸ್ನಾನಕ್ಕೆ ಇಳಿದಾಗ, ಈಜುವಾಗ, ಬ್ಯಾಟರಿ ಮುಗಿದಾಗಲೂ ಅಷ್ಟೆ. ಇಷ್ಟು ವರ್ಷ ಆ ಹೊತ್ತಿನಲ್ಲಿ ನಾವು ಅವನ ಜೊತೆ ಮಾತಾಡುತ್ತಲೇ ಇರಲಿಲ್ಲ, ಬೆಳಿಗ್ಗೆಗೆ ಬಿಡುತ್ತಿದ್ದೆವು. ಅವನು ಜ್ವರ ಬಂದು ಮಲಗಿದ ರಾತ್ರಿಗಳಲ್ಲೂ. ಈಗ ನಾವು ಮೂವರೂ ಕಲಿಯುತ್ತಿದ್ದೇವೆ. ಅವನು ಬೇಗ ಬೇಗ, ಇವರು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡು, ನಾನು ಎಡವುತ್ತ ಎಡವುತ್ತ.

ನಾಟಕವನ್ನು ಮತ್ತೆ ಬರೆದೆ. ಬೊಂಬೆ ಹೋಯಿತು. ಮಗುವಿನ ಪಾತ್ರಕ್ಕೆ ಸಣ್ಣಕಾಯದ 9 ವರ್ಷದ ಹುಡುಗಿ ಬಂದಳು. ಮೇಜು ಮೂಲೆಗೆ ಹೋಯಿತು, ಮಗು ನಡುವೆ ಬಂತು, ಬೆಳಕೆಲ್ಲ ಅವಳ ಮೇಲೆ. ಅಪ್ಪ ಅಮ್ಮನ ವಾದಗಳಲ್ಲಿ ಹದಿನೈದು ಪುಟ ಕತ್ತರಿಸಿದೆ, ದೊಡ್ಡಪ್ಪ ಈಗ ಜಗಳ ಆಡುವುದಕ್ಕಿಂತ ಹೆಚ್ಚು ಹೊತ್ತು ನೆಲದ ಮೇಲೆ ಮಗುವಿನ ಎದುರು ಕೂತಿರುತ್ತಾನೆ. ಸಹಿ ಎರಡನೆಯ ದೃಶ್ಯದಲ್ಲೇ ಮುಗಿದುಹೋಗುತ್ತದೆ.

ಲೋಟದ ದೃಶ್ಯವನ್ನು ಕೊನೆಗೆ ಇಟ್ಟೆ. ಮೊದಲ ತಾಲೀಮಿನಲ್ಲಿ ಹುಡುಗಿ ಗಂಟಲು ಮುಟ್ಟಿಕೊಂಡಳು. ತಾಯಿಯ ಪಾತ್ರದವಳು ಲೋಟ ಹಿಡಿದು ನಿಂತಳು, ಮಾತು ಶುರು ಮಾಡಲಿಲ್ಲ. ನನ್ನ ಕಡೆ ತಿರುಗಿ ಕೇಳಿದಳು.

"ಅಕ್ಕಾ, ಇಲ್ಲಿ ನನಗೆ ನಿಜವಾಗಿ ಅರ್ಥ ಆಗಿಲ್ಲವಾ, ಆಗಿಲ್ಲ ಅಂತ ನಟಿಸ್ತಿದೀನಾ?"

"ಅರ್ಥ ಆಗಿದೆ," ಅಂದೆ.

"ಮಗುವಿಗೆ ಅದು ಗೊತ್ತಾಗುತ್ತಾ?"

ನಾನು ಮಗನನ್ನು ನೋಡಿದೆ. ಅವನು ಗೋಡೆಗೆ ಒರಗಿ ಕೂತಿದ್ದ. ನಮ್ಮ ಮಾತು ಅಷ್ಟು ದೂರಕ್ಕೆ ಅವನಿಗೆ ಕೇಳಿಸಿತೋ ಇಲ್ಲವೋ, ಅವನ ಕಣ್ಣು ಆ ಹುಡುಗಿಯ ಕೈಯ ಮೇಲಿತ್ತು. ಸ್ವಲ್ಪ ಹೊತ್ತು ಬಿಟ್ಟು ಎದ್ದು ಬಂದು, ಕೈ ಇಡಬೇಕಾದದ್ದು ಅಲ್ಲಲ್ಲ, ಇನ್ನೂ ಸ್ವಲ್ಪ ಕೆಳಗೆ ಅಂತ ಅವಳಿಗೆ ತೋರಿಸಿಕೊಟ್ಟ.